ಸ್ಕಾಟ್ಲೆಂಡಿನ ತುತ್ತತುದೀಲಿರೋ ಕೌಂಟಿಗೆ "ತೆಂಕಣ ನಾಡು" ಅಂತ ಹೆಸರಿಟ್ಟೋರು ಯಾರು?

ನಕ್ಷೆಹುಚ್ಚ:

ನಮಸ್ಕಾರ ಎಲ್ರಿಗೂ. ನಾನು ಇಲ್ಲಿ ಜಾಸ್ತಿ ಬರೆಯೋನಲ್ಲ, ಓದ್ಕೊಂಡು ಹೋಗೋನು, ಆದ್ರೆ ಇದೊಂದು ವಿಷಯ ಎರಡು ದಿನದಿಂದ ತಲೆ ತಿಂತಾ ಇದೆ ಅದಕ್ಕೆ ಕೇಳ್ತಿದೀನಿ. ಹಳೇ ಮ್ಯಾಪ್‌ಗಳನ್ನ ಸ್ಕ್ಯಾನ್ ಮಾಡಿ ಹಾಕಿರ್ತಾರಲ್ಲ, ಅವನ್ನ ಜೂಮ್ ಮಾಡ್ಕೊಂಡು ರಾತ್ರಿ ಎರಡು ಗಂಟೆವರೆಗೂ ನೋಡ್ತಾ ಕೂರೋದು ನನ್ನ ಚಟ. ಮೊನ್ನೆ ಸ್ಕಾಟ್ಲೆಂಡಿನ ಹಳೇ ಕೌಂಟಿಗಳ ಮ್ಯಾಪ್ ಸಿಕ್ತು, 1975ರಲ್ಲಿ ಕೌಂಟಿ ವ್ಯವಸ್ಥೆ ತೆಗೆದುಹಾಕೋಕೆ ಮುಂಚಿನದ್ದು, 33 ಕೌಂಟಿ, ಒಂದೊಂದಕ್ಕೂ ಒಂದೊಂದು ಬಣ್ಣ.

ಕೆಳಗಿನ ಕಡೆ ಎಲ್ಲಾ ಸಲೀಸು. ಪೀಬಲ್ಸ್ ಅಂತ ಊರಿದೆ ಅದಕ್ಕೆ ಪೀಬಲ್ಸ್‌ಶೈರ್, ಸೆಲ್ಕರ್ಕ್ ಅಂತ ಊರಿದೆ ಅದಕ್ಕೆ ಸೆಲ್ಕರ್ಕ್‌ಶೈರ್. ಹಾಗೇ ಮೇಲಕ್ಕೆ ಹೋಗ್ತಾ ಹೋಗ್ತಾ ಪರ್ತ್, ಇನ್ವರ್ನೆಸ್, ರಾಸ್ ಎಲ್ಲಾ ದಾಟಿ ಇನ್ನೇನು ನೆಲ ಮುಗೀತು ಅನ್ನೋ ಜಾಗದಲ್ಲಿ ಒಂದು ದೊಡ್ಡ ಹಳದಿ ಬಣ್ಣದ ತುಂಡು, ಅದರ ಮೇಲೆ ಸದರ್ಲೆಂಡ್ ಅಂತ ಬರೆದಿದೆ. ಮೊದಲು ಓದಿದಾಗ ನಮ್ಮ ಪಹಣಿ ಭಾಷೇಲಿ "ಸದರಿ ಜಮೀನು" ಅಂತಾರಲ್ಲ ಹಾಗೆ ಕೇಳಿಸಿ ಒಬ್ನೇ ನಕ್ಕೆ. ಆಮೇಲೆ ಡಿಕ್ಷನರಿ ತೆಗೆದು ನೋಡಿದ್ರೆ ಅರ್ಥ "ದಕ್ಷಿಣದ ನೆಲ" ಅಂತೆ!

ಅಲ್ಲ ಸ್ವಾಮಿ, 58 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಲ್ಲಿ, ಬ್ರಿಟನ್ನಿನ ನೆತ್ತಿ ಮೇಲೆ ಕೂತಿರೋ ಜಾಗ, ಪಡುವಣ ಸಮುದ್ರ ಬಡಗಣ ಸಮುದ್ರ ಎರಡೂ ಅದಕ್ಕೆ ತಾಗ್ತವೆ, ಪಕ್ಕದಲ್ಲಿ ಈಶಾನ್ಯ ಮೂಲೇಲಿ ಕೇತ್ನೆಸ್ ಅಂತ ಒಂದು ಪುಟ್ಟ ಕೌಂಟಿ ಬಿಟ್ರೆ ಇನ್ನೇನೂ ಇಲ್ಲ, ಇದು ಯಾರಿಗೆ ದಕ್ಷಿಣ? ಇದರ ಕೆಳಗಿರೋ ರಾಸ್‌ಗೇ ಇಲ್ಲದ ದಕ್ಷಿಣ ಅನ್ನೋ ಹೆಸರು ಇದಕ್ಕೆ ಯಾಕೆ? ಮ್ಯಾಪ್ ಮಾಡಿದವನು ತಲೆಕೆಳಗೆ ಹಿಡ್ಕೊಂಡು ಬರೆದನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಗುಡುಗುಮಳೆ:

ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ ಗುರು, ಅದು ಸರ್‌ನೇಮು. ಸದರ್ಲೆಂಡ್ ಮನೆತನದ ಡ್ಯೂಕ್‌ಗಳು ಅಂತ ಇದ್ರು, ಅಲ್ಲಿನ ಜಮೀನೆಲ್ಲಾ ಅವರದ್ದೇ, ಅವರ ಹೆಸರನ್ನೇ ಕೌಂಟಿಗೆ ಇಟ್ಟಿರ್ತಾರೆ. ಅವರ ಮೂಲ ಯಾವುದೋ ದಕ್ಷಿಣದ ಕಡೆ ಇರಬೇಕು ಅಷ್ಟೇ.

ಹಳೇಬಂದರು:

@ಗುಡುಗುಮಳೆ ಅವರೇ ಬೇಜಾರ್ ಮಾಡ್ಕೋಬೇಡಿ, ಇದು ಪೂರ್ತಿ ಉಲ್ಟಾ. ಮನೆತನದಿಂದ ನೆಲಕ್ಕೆ ಹೆಸರು ಬಂದಿದ್ದಲ್ಲ, ನೆಲದಿಂದ ಮನೆತನಕ್ಕೆ ಬಂದಿದ್ದು. ಆ ಮನೆತನದ ಮೂಲ ಹೆಸರು ಡಿ ಮೊರಾವಿಯಾ, ಅಂದ್ರೆ ಮರಿ ಪ್ರಾಂತ್ಯದವರು, ಮರಿ ಅನ್ನೋದು ಇನ್ವರ್ನೆಸ್‌ನಿಂದ ಪೂರ್ವಕ್ಕಿರೋ ಕರಾವಳಿ. ಅವರ ಪೈಕಿ ಹ್ಯೂ ಅನ್ನೋನಿಗೆ ಸ್ಕಾಟ್ ರಾಜ ಆ ಉತ್ತರದ ಜಮೀನು ಕೊಟ್ಟ, ಅವನ ಮಗ ವಿಲಿಯಂ 1230ರ ದಶಕದಲ್ಲಿ ಅರ್ಲ್ ಆಫ್ ಸದರ್ಲೆಂಡ್ ಆದ, ಅರ್ಲ್ ಅಂದ್ರೆ ಒಂದು ಸೀಮೆಯ ಒಡೆಯನ ಪದವಿ. ಅಷ್ಟೊತ್ತಿಗೆ ಆ ಹೆಸರು ಅಲ್ಲಿ ತಲೆಮಾರುಗಳಿಂದ ಬಳಕೇಲಿತ್ತು. ಡ್ಯೂಕ್ ಅನ್ನೋ ಪದವಿ ಅಂತೂ ಇನ್ನೂ ಆರುನೂರು ವರ್ಷ ಬಿಟ್ಟು, 1833ರಲ್ಲಿ ಬಂದಿದ್ದು.

@ನಕ್ಷೆಹುಚ್ಚ, ಮ್ಯಾಪನ್ನ ತಲೆಕೆಳಗೆ ಹಿಡಿದ್ರಾ ಅಂತ ತಮಾಷೆಗೆ ಕೇಳಿದ್ರಿ, ಆದ್ರೆ ಉತ್ತರದ ಹತ್ತಿರಾನೇ ಇದ್ದೀರಿ. ನೀವು ಎಡಿನ್‌ಬರದ ಕಡೆಯಿಂದ ಮೇಲಕ್ಕೆ ನೋಡ್ತಾ ಹೋದ್ರಿ. ಈ ಹೆಸರಿಟ್ಟೋರು ಮೇಲಿಂದ ಕೆಳಕ್ಕೆ ನೋಡ್ತಿದ್ರು. ಯಾರು ಅಂದ್ರೆ ನಾರ್ಸ್ ಜನ, ನಾರ್ವೆಯಿಂದ ಬಂದು ಶೆಟ್ಲೆಂಡ್, ಆರ್ಕ್ನಿ ದ್ವೀಪಗಳಲ್ಲಿ ನೆಲೆ ಊರಿದೋರು. ಸುಮ್ನೆ ಒಂದ್ಸಲ ಆರ್ಕ್ನಿಯಲ್ಲಿ ದೋಣಿ ಪಕ್ಕ ನಿಂತ್ಕೊಂಡಿದೀವಿ ಅಂತ ಅಂದ್ಕೊಳ್ಳಿ. ಎದುರಿಗೆ ಹತ್ತು ಕಿಲೋಮೀಟರ್ ಅಗಲದ ಸಮುದ್ರದ ಪಟ್ಟಿ, ಅದರಾಚೆ ಕಾಣೋ ನೆಲ ಕೇತ್ನೆಸ್. ಅದನ್ನ ದಾಟಿ ಮೂಡಣ ಕರಾವಳಿ ಹಿಡ್ಕೊಂಡು ಇನ್ನೂ ಕೆಳಕ್ಕೆ ಹೋದ್ರೆ ಸಿಗೋದು ದಕ್ಷಿಣದ ಸೀಮೆ, ಅವರ ನುಡೀಲಿ ಸುದ್ರ್‌ಲಂಡ್. ಐಸ್‌ಲ್ಯಾಂಡಿನ ದಕ್ಷಿಣ ಭಾಗಕ್ಕೆ ಇವತ್ತಿಗೂ ಸುದುರ್‌ಲಂಡ್ ಅಂತಾನೇ ಹೆಸರು, ಅದೇ ಪದ. ಅವರ ಪಾಲಿಗೆ ಇದು ಸಾಮ್ರಾಜ್ಯದ ಕೆಳಗಿನ ಅಂಚು, ಸ್ಕಾಟ್ ರಾಜರ ಪಾಲಿಗೆ ಮೇಲಿನ ಅಂಚು.

ಇದೊಂದೇ ಅಲ್ಲ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಹೀಬ್ರಿಡೀಸ್ ದ್ವೀಪಗಳಿವೆಯಲ್ಲ, ಅವು ಲಂಡನ್‌ನವರಿಗೆ ಎಷ್ಟು ದೂರದ ಉತ್ತರ! ನಾರ್ಸ್ ಜನ ಅವಕ್ಕೆ ಇಟ್ಟ ಹೆಸರು ಸುದ್ರೆಯರ್, "ದಕ್ಷಿಣದ ದ್ವೀಪಗಳು". ಐಲ್ ಆಫ್ ಮ್ಯಾನ್‌ನ ಬಿಷಪ್ಪಿಗೆ ಇವತ್ತಿಗೂ "ಸೋಡರ್ ಅಂಡ್ ಮ್ಯಾನ್" ಬಿಷಪ್ ಅಂತಾರೆ, ಆ ಸೋಡರ್ ಅದೇ ಸುದ್ರೆಯರ್‌ನ ಸವೆದ ರೂಪ. ಆರ್ಕ್ನಿ, ಶೆಟ್ಲೆಂಡ್ ಅವರಿಗೆ ಉತ್ತರದ ದ್ವೀಪಗಳು, ಹೀಬ್ರಿಡೀಸ್ ದಕ್ಷಿಣದವು. ಲೆಕ್ಕ ಸರಿಯಾಗೇ ಇದೆ, ನಾವು ಬೇರೆ ಕಡೆ ನಿಂತಿದೀವಿ ಅಷ್ಟೇ.

ಈ ದಕ್ಷಿಣದ ಗಡಿಗೆ ಅವರು ಬಂದ ಕಥೆ ಐಸ್‌ಲ್ಯಾಂಡಿನವರು ಬರೆದಿಟ್ಟ ಸಾಗಾದಲ್ಲಿದೆ, ಅದನ್ನ ಹೇಳದೇ ಇರೋಕಾಗಲ್ಲ. 9ನೇ ಶತಮಾನದ ಕೊನೆ ಕಡೆ ಸಿಗುರ್ಡ್ ಅಂತ ಆರ್ಕ್ನಿಯ ಅರ್ಲ್ ಕೇತ್ನೆಸ್ಸು ಸದರ್ಲೆಂಡು ಎಲ್ಲಾ ಗೆದ್ಕೊಂಡು ಬಂದ. ಗಡೀಲಿ ಸ್ಥಳೀಯ ನಾಯಕ ಮೈಲ್ ಬ್ರಿಗ್ಟೆ, ಅವನಿಗೆ ಅಡ್ಡಹೆಸರು ಕೋರೆಹಲ್ಲಿನವನು ಅಂತ, ಬಾಯಿಂದ ಹಲ್ಲು ಹೊರಗೆ ಚಾಚ್ಕೊಂಡಿತ್ತು. ಇಬ್ರೂ ಮಾತಾಡ್ಕೊಂಡ್ರು, ಒಂದೊಂದು ಕಡೆ ನಲವತ್ತು ಜನ ಬಂದು ತೀರ್ಮಾನ ಮಾಡ್ಕೊಳ್ಳೋಣ ಅಂತ. ಸಿಗುರ್ಡ್ ನಲವತ್ತು ಕುದುರೆ ತಂದ, ಆದ್ರೆ ಒಂದೊಂದು ಕುದುರೆ ಮೇಲೆ ಇಬ್ಬಿಬ್ರನ್ನ ಕೂರಿಸ್ಕೊಂಡು. ದೂರದಿಂದ ನೋಡಿದ ಮೈಲ್ ಬ್ರಿಗ್ಟೆಗೆ ಕುದುರೆಯ ಒಂದೊಂದು ಪಕ್ಕೇಲೂ ಎರಡೆರಡು ಕಾಲು ನೇತಾಡೋದು ಕಾಣಿಸ್ತು, ಮೋಸ ಹೋದೆವು ಅಂತ ಗೊತ್ತಾಯ್ತು, ಆದ್ರೂ ಹಿಂದೆ ಹೋಗ್ಲಿಲ್ಲ, ಕಾದಾಡಿ ಸತ್ರು. ಸಿಗುರ್ಡ್ ಗೆದ್ದ ಖುಷೀಲಿ ಅವನ ತಲೆ ಕಡಿದು ಜೀನಿಗೆ ಕಟ್ಕೊಂಡ. ಕುದುರೆ ಓಡಿಸೋಕೆ ಕಾಲು ಬೀಸಿದಾಗ ಆ ತಲೆಯ ಕೋರೆಹಲ್ಲು ಅವನ ಮೀನಖಂಡಕ್ಕೆ ತಾಗಿ ಗೀರ್ತು. ಗಾಯ ಕೀವಾಗಿ ಊದ್ಕೊಂಡು ಸತ್ತೇ ಹೋದ. ಸತ್ತವನು ಕೊಂದವನನ್ನ ಕೊಂದ ಅಂತ ಹೇಳೋ ಕಥೆ. ಅವನನ್ನ ಹೂತಿದ್ದು ಓಯ್ಕಲ್ ಹೊಳೆ ದಡದಲ್ಲಿ, ಆ ಹೊಳೇನೇ ಸದರ್ಲೆಂಡಿನ ಕೆಳಗಿನ ಗಡಿ. ಡಾರ್ನಾಕ್ ಊರಿನ ಹತ್ತಿರ ಸೈಡರ್‌ಹಾಲ್ ಅಂತ ಒಂದು ಫಾರ್ಮ್ ಇದೆ, ಅದು ಸಿಗುರ್ಡನ ದಿಬ್ಬ ಅನ್ನೋದರ ತಿರುಚಿದ ರೂಪ, ಸೇಬಿನ ಸೈಡರ್‌ಗೂ ಅದಕ್ಕೂ ಸಂಬಂಧ ಇಲ್ಲ.

ನಕ್ಷೆಹುಚ್ಚ:

@ಹಳೇಬಂದರು ಸರ್ ಕೈ ಮುಗೀತೀನಿ, ಹಲ್ಲಿನ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದ್ರೆ ಒಂದು ಎಡವಟ್ಟು ಉಳಿದಿದೆ, ಮ್ಯಾಪ್ ಮುಂದೆ ಇಟ್ಕೊಂಡೇ ಕೇಳ್ತೀನಿ. ಆರ್ಕ್ನಿಯಿಂದ ನೋಡಿದ್ರೆ ಮೊದಲು ಕೇತ್ನೆಸ್, ಅದರ ದಕ್ಷಿಣಕ್ಕೆ ಸದರ್ಲೆಂಡ್ ಅಂದ್ರಿ, ಒಪ್ಪಿದೆ. ಆದ್ರೆ ನನ್ನ ಮ್ಯಾಪಲ್ಲಿ ಸದರ್ಲೆಂಡಿಗೆ ಉದ್ದಕ್ಕೆ ಉತ್ತರ ಕರಾವಳಿನೂ ಇದೆಯಲ್ಲ, ಟಂಗ್, ಡರ್ನೆಸ್, ಕೇಪ್ ರಾತ್ ಎಲ್ಲಾ. ಅವು ಕೇತ್ನೆಸ್‌ಗೆ ದಕ್ಷಿಣ ಅಲ್ಲವೇ ಅಲ್ಲ, ಪಶ್ಚಿಮ. ಆ ಭಾಗಕ್ಕೂ ದಕ್ಷಿಣ ಅಂತ ಹೆಸರು ಹೇಗೆ ಅಂಟ್ತು?

ಇಬ್ಬನಿಹಾದಿ:

ಒಳ್ಳೆ ಪ್ರಶ್ನೆ ಕೇಳಿದ್ರಿ, ತುಂಬಾ ಜನ ಇಲ್ಲೇ ಮುಗ್ಗರಿಸೋದು. ಹೆಸರು ಹುಟ್ಟಿದಾಗ ಸದರ್ಲೆಂಡ್ ಅಂದ್ರೆ ಈಗಿನಷ್ಟು ದೊಡ್ಡದಲ್ಲ. ಆಗ್ನೇಯ ಮೂಲೆ ಅಷ್ಟೇ, ಡಾರ್ನಾಕ್, ಗಾಲ್ಸ್ಪಿ, ಬ್ರೋರಾ, ಹೆಲ್ಮ್ಸ್‌ಡೇಲ್ ಇರೋ ಮೂಡಣ ಕರಾವಳಿ ಮತ್ತೆ ಅದರ ಹಿಂದಿನ ಕಣಿವೆಗಳು. ಹೆಲ್ಮ್ಸ್‌ಡೇಲ್ ದಾಟಿ ಸ್ವಲ್ಪ ಮೇಲಕ್ಕೆ ಹೋದ್ರೆ ಬೆಟ್ಟ ನೇರವಾಗಿ ಬಂದು ಸಮುದ್ರಕ್ಕೆ ಬೀಳತ್ತೆ, ಅದಕ್ಕೆ ಆರ್ಡ್ ಆಫ್ ಕೇತ್ನೆಸ್ ಅಂತಾರೆ, ಅದೇ ಗಡಿ. ಆರ್ಡ್‌ನಿಂದ ಮೇಲೆ ಕೇತ್ನೆಸ್ಸು, ಕೆಳಗೆ ಸದರ್ಲೆಂಡು. ಆ ಮೂಲ ಸದರ್ಲೆಂಡಿಗೆ ಹೆಸರು ಸರಿಯಾಗೇ ಕೂರತ್ತೆ.

ಇನ್ನೊಂದು ಸುಳಿವು ಕೊಡ್ತೀನಿ. ಡಾರ್ನಾಕ್‌ನಲ್ಲಿ 1224ರಲ್ಲಿ ಕಟ್ಟೋಕೆ ಶುರು ಮಾಡಿದ ಕ್ಯಾಥೆಡ್ರಲ್ ಇದೆ, ಕಟ್ಟಿಸಿದೋರು ಬಿಷಪ್ ಗಿಲ್ಬರ್ಟ್, ಅದೇ ಡಿ ಮೊರಾವಿಯಾ ಮನೆತನದೋರು. ಆದ್ರೆ ಅವರು ಸದರ್ಲೆಂಡಿನ ಬಿಷಪ್ ಅಲ್ಲ, ಕೇತ್ನೆಸ್ಸಿನ ಬಿಷಪ್! ಅಂದ್ರೆ ಚರ್ಚಿನವರ ಲೆಕ್ಕದಲ್ಲಿ ಎಲ್ಲಾ ಸೇರಿ ಕೇತ್ನೆಸ್ಸೇ, ಸದರ್ಲೆಂಡ್ ಅದರ ತೆಂಕಣ ಹೋಳು. ಅವರ ಹಿಂದಿನ ಬಿಷಪ್ ಆಡಮ್ 1222ರಲ್ಲಿ ಹ್ಯಾಲ್‌ಕರ್ಕ್‌ನಲ್ಲಿ ಇದ್ದಾಗ, ಚರ್ಚಿನ ಕಂದಾಯ ಜಾಸ್ತಿ ಮಾಡಿದ್ರು ಅಂತ ರೊಚ್ಚಿಗೆದ್ದ ಜನ ಅವರನ್ನ ಬೆಂಕೀಲಿ ಸುಟ್ಟು ಹಾಕಿದ್ರು. ಅದಾದ ಮೇಲೆ ಬಂದ ಗಿಲ್ಬರ್ಟ್ ತಮ್ಮ ಬಂಧುಗಳ ಜಮೀನಿರೋ ಡಾರ್ನಾಕ್‌ಗೆ ಗದ್ದುಗೆ ತಗೊಂಡು ಹೋದ್ರು. ನಾನಾಗಿದ್ರೂ ಹೋಗ್ತಿದ್ದೆ.

ಸರಿ, ಉತ್ತರ ಕರಾವಳಿ ಹೇಗೆ ಸೇರ್ತು ಅಂದ್ರೆ, ಅದು ಬೇರೆಯೋರ ನಾಡು. ಸ್ಟ್ರಾತ್‌ನೇವರ್ ಕಣಿವೆಯಿಂದ ಪಡುವಣಕ್ಕೆ ಟಂಗ್, ಡರ್ನೆಸ್‌ವರೆಗೂ ಮಕಾಯ್ ಕುಲದವರ ಜಾಗ, ಅಲ್ಲಿನ ಹಳೇ ನುಡಿ ಗೇಲಿಕ್ಕಿನಲ್ಲಿ ಇವತ್ತಿಗೂ ಅದನ್ನ ಮಕಾಯ್‌ಗಳ ನಾಡು ಅಂತಾನೇ ಕರೀತಾರೆ, ಅವರ ಯಜಮಾನನಿಗೆ ಲಾರ್ಡ್ ರೇ ಅಂತ ಬಿರುದು. ನೈಋತ್ಯದಲ್ಲಿ ಅಸಿಂಟ್ ಇನ್ನೊಂದು ಕುಲದವರದ್ದು. ಮೊದಲು ಈ ಉತ್ತರದ ಸೀಮೆ ಪೂರ್ತಿ ಇನ್ವರ್ನೆಸ್ ಶೆರಿಫ್, ಅಂದ್ರೆ ರಾಜನ ಅಧಿಕಾರಿಯ ಕೈಕೆಳಗೆ ಇತ್ತು, 17ನೇ ಶತಮಾನದಲ್ಲಿ ಸದರ್ಲೆಂಡ್ ಬೇರೆ ಶೆರಿಫ್ ವ್ಯಾಪ್ತಿ ಆಯ್ತು, ಆಗ ಮಕಾಯ್ ನಾಡು, ಅಸಿಂಟ್ ಎಲ್ಲಾ ಇದರ ಕೆಳಗೆ ಬಂತು. ಆಡಳಿತದ ಗೆರೆ ಹಿಗ್ಗಿದ ಹಾಗೆ ಹೆಸರೂ ಹಿಗ್ತು, ಅರ್ಥ ಹಿಂದೆ ಉಳೀತು. 1829ರಲ್ಲಿ ಲಾರ್ಡ್ ರೇ ತನ್ನ ಎಸ್ಟೇಟನ್ನೂ ಸದರ್ಲೆಂಡ್ ಮನೆತನಕ್ಕೆ ಮಾರಿಬಿಟ್ಟ, ಅಲ್ಲಿಗೆ ಹೆಚ್ಚುಕಮ್ಮಿ ಇಡೀ ಕೌಂಟಿ ಒಂದೇ ಮನೆಯೋರ ಆಸ್ತಿ ಆಯ್ತು. ಹಾಗಾಗಿ @ಗುಡುಗುಮಳೆ ಅವರೇ, ಹೆಸರಿನ ವಿಷಯದಲ್ಲಿ ನೀವು ತಪ್ಪು, ಜಮೀನಿನ ವಿಷಯದಲ್ಲಿ ಪೂರ್ತಿ ಸರಿ.

ಆ ಜಮೀನಿನ ಮಾತು ಬಂದ್ಮೇಲೆ ಇದನ್ನ ಹೇಳಲೇಬೇಕು, ಯಾಕಂದ್ರೆ ಬರೀ ಹೆಸರು ನೋಡಿ ಸಂತೋಷಪಟ್ಟು ಹೋದ್ರೆ ಆಗಲ್ಲ. ಮ್ಯಾಪಲ್ಲಿ ಆ ಹಳದಿ ತುಂಡಿನ ನಡುಭಾಗ ನೋಡಿ, ಊರುಗಳೇ ಇಲ್ಲ, ಎಲ್ಲಾ ಅಂಚಲ್ಲಿ. 5,200 ಚದರ ಕಿಲೋಮೀಟರ್‌ಗಿಂತ ಜಾಸ್ತಿ ನೆಲ, ಜನ 13 ಸಾವಿರದ ಆಸುಪಾಸು. ಬೆಟ್ಟ, ಜೌಗು, ಕೆಟ್ಟ ಮಣ್ಣು ಅದಕ್ಕೆ ಜನ ಇಲ್ಲ ಅಂತ ಸುಮಾರು ಜನ ಅಂದ್ಕೋತಾರೆ. ಅರ್ಧ ನಿಜ. ಇನ್ನರ್ಧ ಏನಂದ್ರೆ ಒಕ್ಕಲೆಬ್ಬಿಸಿದ್ದು. ಆ ಸದರ್ಲೆಂಡ್ ಮನೆತನದ ಒಡತಿ ಕೌಂಟೆಸ್ ಎಲಿಜಬೆತ್, ಅವರ ಗಂಡ ಮಾರ್ಕ್ವಿಸ್ ಆಫ್ ಸ್ಟಾಫರ್ಡ್, ಆತ ಇಂಗ್ಲೆಂಡಿನ ಭಾರಿ ಕುಳ, ಇವರ ಕಾಲದಲ್ಲಿ 1811ರಿಂದ 1821ರೊಳಗೆ ಒಳನಾಡಿನ ಕಣಿವೆಗಳಲ್ಲಿ ತಲೆತಲಾಂತರದಿಂದ ದನ ಸಾಕಿ ಓಟ್ಸು ಬಾರ್ಲಿ ಬೆಳೀತಿದ್ದ ಸಾವಿರಾರು ಒಕ್ಕಲನ್ನ ಎಬ್ಬಿಸಿ, ಆ ಜಾಗವನ್ನ ದೊಡ್ಡ ದೊಡ್ಡ ಕುರಿ ಫಾರ್ಮ್ ಮಾಡೋರಿಗೆ ಗುತ್ತಿಗೆ ಕೊಟ್ರು. ಎಬ್ಬಿಸಿದೋರನ್ನ ಕರಾವಳಿಗೆ ಕಳ್ಸಿ ಒಂದೊಂದು ತುಂಡು ನೆಲ ಕೊಟ್ಟು ಮೀನು ಹಿಡ್ಕೊಂಡು ಬದುಕಿ ಅಂದ್ರು, ಸಮುದ್ರದ ಕೆಲಸ ಗೊತ್ತೇ ಇಲ್ಲದ ಜನಕ್ಕೆ.

1814ರಲ್ಲಿ ಸ್ಟ್ರಾತ್‌ನೇವರ್‌ನಲ್ಲಿ ಪ್ಯಾಟ್ರಿಕ್ ಸೆಲ್ಲರ್ ಅನ್ನೋ ಏಜೆಂಟು ನಿಂತು ಮನೆ ಖಾಲಿ ಮಾಡಿಸ್ತಿದ್ದ, ಆ ಜಾಗ ಗುತ್ತಿಗೆ ಹಿಡಿದವನೂ ಅವನೇ. ಅಲ್ಲಿ ಮನೆಗೆ ಮುಖ್ಯ ಆಸ್ತಿ ಅಂದ್ರೆ ಛಾವಣಿಯ ಮರ, ಮರ ಸಿಗದ ನಾಡು ಅದು, ಜನ ಹೋಗುವಾಗ ತೊಲೆ ಕಿತ್ಕೊಂಡು ಹೋಗಿ ಇನ್ನೊಂದು ಕಡೆ ಮನೆ ಕಟ್ಕೋತಿದ್ರು. ಆ ತೊಲೆಗಳಿಗೇ ಬೆಂಕಿ ಇಟ್ರೆ ವಾಪಸ್ ಬರೋ ಹಾಗೂ ಇಲ್ಲ, ಮುಂದೆ ಕಟ್ಟೋ ಹಾಗೂ ಇಲ್ಲ. ಒಂದು ಮನೇಲಿ ಹಾಸಿಗೆ ಹಿಡಿದಿದ್ದ ಮುದುಕಿಯನ್ನ ಬೆಂಕಿ ಹತ್ತಿದ ಮೇಲೆ ಹೊರಗೆ ಎಳೆದು ತಂದ್ರು, ಆಕೆ ಕೆಲವೇ ದಿನದಲ್ಲಿ ಸತ್ತಳು. 1816ರಲ್ಲಿ ಇನ್ವರ್ನೆಸ್‌ನಲ್ಲಿ ಸೆಲ್ಲರ್ ಮೇಲೆ ಕೇಸ್ ನಡೀತು, ಖುಲಾಸೆ ಆಯ್ತು. ಎಬ್ಬಿಸಿದ ಕೆಲವರನ್ನ ತಂದು ಕೂರಿಸಿದ ಕರಾವಳಿ ಊರಿಗೆ ಹೆಸರು ಬೆಟ್ಟಿಹಿಲ್, ಆ ಬೆಟ್ಟಿ ಯಾರು ಗೊತ್ತಾ, ಕೌಂಟೆಸ್ ಎಲಿಜಬೆತ್. ಕಿಲ್ಡೋನನ್ ಕಣಿವೆಯ ಒಂದಷ್ಟು ಜನ 1813ರಲ್ಲಿ ಹಡಗು ಹತ್ತಿ ಕೆನಡಾದ ರೆಡ್ ರಿವರ್‌ಗೆ ಹೋದ್ರು, ಈಗಿನ ವಿನಿಪೆಗ್‌ನಲ್ಲಿ ಕಿಲ್ಡೋನನ್ ಅನ್ನೋ ಹೆಸರು ಅದಕ್ಕೇ ಇರೋದು. ಹೆಸರಿನ ಬಗ್ಗೆ ಥ್ರೆಡ್ಡು ಅಂತ ಗೊತ್ತು, ಆದ್ರೆ ಬೆಟ್ಟಿಹಿಲ್ಲೂ ಹೆಸರೇ ತಾನೆ.

ಸಿಂಗಲ್‌ಟ್ರ್ಯಾಕ್:

ಕೆಲಸದ ಮೇಲೆ ಒಂದೂವರೆ ವರ್ಷ ಇನ್ವರ್ನೆಸ್‌ನಲ್ಲಿದ್ದೆ, ವೀಕೆಂಡ್ ಬಂದ್ರೆ ಕಾರ್ ತಗೊಂಡು ಇದೇ ಸದರ್ಲೆಂಡ್ ಕಡೆ. @ಇಬ್ಬನಿಹಾದಿ ಮೇಡಂ ಹೇಳಿದ ಕಥೆಗೆ ಒಂದು ಸೇರಿಸ್ತೀನಿ. ಇನ್ವರ್ನೆಸ್‌ನಿಂದ ಎ9 ರೋಡ್ ಹಿಡಿದು ಹೋದ್ರೆ ಡಾರ್ನಾಕ್ ಫರ್ತ್ ಅನ್ನೋ ಕೊಲ್ಲಿ ಮೇಲೆ 1991ರಲ್ಲಿ ಕಟ್ಟಿದ ಸೇತುವೆ ಬರತ್ತೆ, ಅದನ್ನ ದಾಟಿದ್ರೆ ಸದರ್ಲೆಂಡ್. ಸ್ವಲ್ಪ ಮುಂದೆ ಗಾಲ್ಸ್ಪಿ ಊರಿನ ಮೇಲೆ ಬೆನ್ ವ್ರ್ಯಾಗಿ ಬೆಟ್ಟದ ತುದೀಲಿ ಒಂದು ದೊಡ್ಡ ಕಲ್ಲಿನ ಆಕೃತಿ ಕಾಣತ್ತೆ, ಪೀಠ ಸೇರಿ ಸುಮಾರು 30 ಮೀಟರ್. ಅದು ಆ ಮಾರ್ಕ್ವಿಸ್ಸೇ. 1833ರಲ್ಲಿ ಡ್ಯೂಕ್ ಆದ, ಅದೇ ವರ್ಷ ಸತ್ತ, 1837ರಲ್ಲಿ ಪ್ರತಿಮೆ ನಿಲ್ಲಿಸಿದ್ರು. ಊರಿನವರು "ಮ್ಯಾನಿ" ಅಂತಾರೆ ಅದಕ್ಕೆ. ಕೆಡವಬೇಕು ಅಂತ ಒಂದಷ್ಟು ಜನ, ಇರಲಿ ಬಿಡಿ ಮಕ್ಕಳಿಗೆ ಕಥೆ ಹೇಳೋಕಾದ್ರೂ ಬೇಕು ಅಂತ ಒಂದಷ್ಟು ಜನ. ನನಗಂತೂ ಕಾರಲ್ಲಿ ಎಷ್ಟು ದೂರ ಹೋದ್ರೂ ಕನ್ನಡೀಲಿ ಅದು ಕಾಣ್ತಾನೇ ಇರೋದು ಒಂಥರಾ ಮುಜುಗರ.

ಒಳನಾಡಿಗೆ ಹೋಗ್ಬೇಕು ಅಂದ್ರೆ ಲೇರ್ಗ್ ಊರಿಂದ ಆಲ್ಟ್‌ನಾಹರಾ ಮೇಲೆ ಟಂಗ್‌ಗೆ ಒಂದು ರೋಡಿದೆ, ಒಂದೇ ಗಾಡಿ ಹಿಡಿಸೋವಷ್ಟು ಅಗಲ, ಅಲ್ಲಲ್ಲಿ ಪಕ್ಕಕ್ಕೆ ನಿಲ್ಲಿಸೋಕೆ ಉಬ್ಬಿದ ಜಾಗ. ಎದುರುಗಡೆಯಿಂದ ಬರೋರು ಸೈಡ್ ಕೊಟ್ರೆ ಕೈ ಎತ್ತಲೇಬೇಕು, ಎತ್ತದೇ ಹೋದ್ರೆ ಮಹಾಪಾಪ. ಮೊದಲನೇ ಸಲ ಹೋದಾಗ ಒಂದು ಗಂಟೇಲಿ ನಾನು ಕೈ ಎತ್ತಿದ್ದು ನಾಲ್ಕು ಸಲ, ಅದರಲ್ಲಿ ಒಂದು ಪೋಸ್ಟ್ ವ್ಯಾನು. ಎರಡೂ ಕಡೆ ಕಂದು ಬಣ್ಣದ ಜೌಗು, ನೀರಿನ ಗುಂಡಿಗಳು, ದೂರದಲ್ಲಿ ಬೆನ್ ಕ್ಲಿಬ್ರೆಕ್ ಬೆಟ್ಟ. ಈ ಜೌಗು ಪ್ರದೇಶದ ಒಂದು ದೊಡ್ಡ ಭಾಗ, ಕೇತ್ನೆಸ್‌ವರೆಗೂ ಹಬ್ಬಿರೋದು, ಫ್ಲೋ ಕಂಟ್ರಿ ಅಂತಾರೆ, 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು.

@ನಕ್ಷೆಹುಚ್ಚ ನಿಮಗೆ ಇಷ್ಟ ಆಗೋ ವಿಷಯ, ಆ ಆಲ್ಟ್‌ನಾಹರಾದಲ್ಲಿ 1995ರ ಡಿಸೆಂಬರ್ 30ರಂದು ಮೈನಸ್ 27.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ, ಬ್ರಿಟನ್ನಿನ ಅತಿ ಕಡಿಮೆ ತಾಪಮಾನದ ದಾಖಲೆ, ಬ್ರೇಮಾರ್ ಜೊತೆ ಸರಿಸಮ. ದಕ್ಷಿಣದ ನೆಲ ಅಂತೆ ದಕ್ಷಿಣದ ನೆಲ!

ಕೇಪ್ ರಾತ್‌ಗೆ ಹೋಗೋಕೆ ಎರಡು ಸಲ ಪ್ರಯತ್ನ ಪಟ್ಟೆ. ಡರ್ನೆಸ್ ಹತ್ತಿರ ಒಂದು ಸಣ್ಣ ದೋಣೀಲಿ ಅಳಿವೆ ದಾಟಬೇಕು, ಆಚೆ ದಡದಲ್ಲಿ ಮಿನಿಬಸ್ಸು, ಅಲ್ಲಿಂದ ಹಾಳು ಬಿದ್ದ ರೋಡಲ್ಲಿ ಹನ್ನೊಂದು ಮೈಲಿ ಕುಲುಕಾಡ್ಕೊಂಡು ಹೋದ್ರೆ 1828ರ ಲೈಟ್‌ಹೌಸು. ಮೊದಲನೇ ಸಲ ಗಾಳಿ ಜೋರು ಅಂತ ದೋಣಿ ಬಿಡಲಿಲ್ಲ, ಎರಡನೇ ಸಲ ಮಿಲಿಟರಿಯವರ ಫೈರಿಂಗ್ ಇತ್ತು, ಆ ತುದಿ ಅವರ ಬಾಂಬ್ ಪ್ರಾಕ್ಟೀಸ್ ಜಾಗಾನೂ ಹೌದು. ದಡದಲ್ಲಿ ಕೂತು ಸ್ಯಾಂಡ್‌ವಿಚ್ ತಿಂದು ವಾಪಸ್ ಬಂದೆ. ಇಂಗ್ಲಿಷಲ್ಲಿ ರಾತ್ ಅಂದ್ರೆ ರೌದ್ರ ಕೋಪ ಅಲ್ವಾ, ಹೆಸರಿಗೆ ತಕ್ಕ ಹಾಗೇ ಇದೆ ಅಂದ್ಕೊಂಡೆ.

ಒತ್ತಕ್ಷರ:

@ಸಿಂಗಲ್‌ಟ್ರ್ಯಾಕ್ ಅವರೇ ಕೋಪ ಅಲ್ಲ ಅದು! ಅದೂ ನಾರ್ಸ್ ಪದಾನೇ, ಹ್ವಾರ್ಫ್, ಅಂದ್ರೆ ತಿರುವು. ನಾರ್ವೆ ಕಡೆಯಿಂದ ಬರೋ ಹಡಗು ಅಲ್ಲಿವರೆಗೂ ಪಶ್ಚಿಮಕ್ಕೆ ಬಂದು ಆ ಮೂಲೇಲಿ ಎಡಕ್ಕೆ ತಿರುಗಿ ಹೀಬ್ರಿಡೀಸ್ ಕಡೆ, ಅಂದ್ರೆ ಅವರ ದಕ್ಷಿಣದ ದ್ವೀಪಗಳ ಕಡೆ ಇಳೀತಿತ್ತು. ನಮ್ಮ ಡ್ರೈವರ್‌ಗಳು "ಟರ್ನಿಂಗ್ ಹತ್ರ ಇಳಿಸ್ತೀನಿ" ಅಂತಾರಲ್ಲ ಅಂಥದ್ದೇ ಹೆಸರು. ಆಮೇಲೆ ಇಂಗ್ಲಿಷಿನವರ ಕಿವೀಲಿ ಅದು ಕೋಪ ಆಗಿ ಕೂತ್ಕೊಂಡಿತು. ಆ ಕರಾವಳಿ ಪೂರ್ತಿ ಹೀಗೇ, ಹಡಗಿನವರು ಕಂಡಿದ್ದನ್ನ ಕಂಡ ಹಾಗೇ ಹೆಸರಿಟ್ಟಿದ್ದು. ಟಂಗ್ ಅಂದ್ರೆ ತುಂಗ, ನೀರಿಗೆ ಚಾಚಿದ ನಾಲಿಗೆಯಂಥ ನೆಲ. ಲ್ಯಾಕ್ಸ್‌ಫರ್ಡ್ ಅಂದ್ರೆ ಸಾಲ್ಮನ್ ಮೀನಿನ ಕೊಲ್ಲಿ. ಬ್ರೋರಾ ಅಂದ್ರೆ ಸೇತುವೆ ಹೊಳೆ. ದಡ ಬಿಟ್ಟು ಒಳಗೆ ಹೋದ್ರೆ ಬೆಟ್ಟ ಕಣಿವೆಗಳಿಗೆಲ್ಲಾ ಹೆಚ್ಚಾಗಿ ಗೇಲಿಕ್ ಹೆಸರು.

ಆದ್ರೆ ನಾನು ಬರೆಯೋಕೆ ಬಂದಿದ್ದು ಬೇರೆ ವಿಷಯಕ್ಕೆ. ಇಲ್ಲೀವರೆಗೂ ಎಲ್ರೂ ನಾರ್ಸ್ ಹೆಸರು ಮಾತ್ರ ನೋಡಿದ್ರಿ, ಅಲ್ಲೇ ಇದ್ದ ಗೇಲಿಕ್ ಜನ ಈ ಎರಡು ಕೌಂಟಿಗೆ ಏನಂತಿದ್ರು ಅಂತ ಯಾರೂ ಕೇಳಲಿಲ್ಲ. ಅದು ಇನ್ನೂ ಮಜಾ ಇದೆ.

ನಾರ್ಸ್ ಜನ ಬರೋಕೆ ಮುಂಚೆ ಆ ಇಡೀ ಉತ್ತರದ ಕೊನೆ ಪಿಕ್ಟ್ ಜನರ ನಾಡು, ಅಲ್ಲಿನ ಬುಡಕಟ್ಟಿಗೆ ಕ್ಯಾಟ್ ಅಂತ ಹೆಸರು, ಹೌದು, ಬೆಕ್ಕು ಅನ್ನೋ ಪದವೇ. ನಾರ್ಸ್‌ನವರು ಬಂದು ಈಶಾನ್ಯದ ಚಾಚಿಗೆ ಕ್ಯಾಟ್‌ಗಳ ನೆಸ್, ಅಂದ್ರೆ ಕ್ಯಾಟ್‌ಗಳ ಮೂಗು ಅಂತ ಹೆಸರಿಟ್ರು, ನೆಸ್ ಅಂದ್ರೆ ಸಮುದ್ರಕ್ಕೆ ಚಾಚಿದ ಭೂಮಿ. ಅದೇ ಕೇತ್ನೆಸ್. ಆಯ್ತಾ? ಈಗ ಗೇಲಿಕ್ ನೋಡಿ. ಗೇಲಿಕ್ಕಿನಲ್ಲಿ ಸದರ್ಲೆಂಡಿಗೆ ಹೆಸರು ಕಾತಿವ್, "ಕ್ಯಾಟ್ ಜನರ ನಡುವೆ". ಕೇತ್ನೆಸ್‌ಗೆ ಹೆಸರು ಗಾಲಿವ್, "ಪರಕೀಯರ ನಡುವೆ"!

ಅರ್ಥ ಆಯ್ತಲ್ಲ? ಬೆಕ್ಕಿನ ಹೆಸರು ಒಂದು ನುಡೀಲಿ ಈ ಪಕ್ಕದ ಕೌಂಟಿಗೆ ಹೋಯ್ತು, ಇನ್ನೊಂದು ನುಡೀಲಿ ಆ ಪಕ್ಕದ ಕೌಂಟಿಗೆ. ಯಾಕಂದ್ರೆ ಕೇತ್ನೆಸ್ಸು ಚಪ್ಪಟೆ ನೆಲ, ಉಳುಮೆಗೆ ಚೆನ್ನಾಗಿದೆ, ನಾರ್ಸ್‌ನವರು ಬಂದು ದಟ್ಟವಾಗಿ ತುಂಬ್ಕೊಂಡ್ರು, ಗೇಲಿಕ್‌ನವರ ಕಣ್ಣಲ್ಲಿ ಅದು ಪರಕೀಯರ ಜಾಗ ಆಗ್ಹೋಯ್ತು. ಗುಡ್ಡಗಾಡಿನ ಸದರ್ಲೆಂಡಲ್ಲಿ ನಾರ್ಸ್‌ನವರು ದಡದಲ್ಲೇ ಹೆಚ್ಚು, ಒಳಗೆ ಹಳಬರೇ ಉಳ್ಕೊಂಡ್ರು, ಅದಕ್ಕೆ ಹಳೇ ಹೆಸರು ಅಲ್ಲಿ ಉಳೀತು. ಸದರ್ಲೆಂಡ್ ಕುಲದ ಲಾಂಛನ ತೆಗೆದು ನೋಡಿ, ಕಾಡುಬೆಕ್ಕು ಕೂತಿರತ್ತೆ, ಅವರ ಮುಖ್ಯಸ್ಥನಿಗೆ ಗೇಲಿಕ್ಕಲ್ಲಿ "ಕ್ಯಾಟ್‌ಗಳ ಒಡೆಯ" ಅನ್ನೋ ಅರ್ಥದ ಬಿರುದು. ದಕ್ಷಿಣದ ನೆಲ ಅನ್ನೋದು ದೋಣಿಯಿಂದ ನೋಡಿದವರ ಹೆಸರು, ಬೆಕ್ಕಿನ ಹೆಸರು ಒಳಗಿದ್ದವರದ್ದು.

ಜೊತೆಗೆ ಆರ್ಕ್ನಿಗೂ ಕೇತ್ನೆಸ್‌ಗೂ ನಡುವೆ ಇರೋ ಸಮುದ್ರಕ್ಕೆ ಪೆಂಟ್‌ಲ್ಯಾಂಡ್ ಫರ್ತ್ ಅಂತಾರಲ್ಲ, ಅದೂ ನಾರ್ಸ್‌ನವರು ಇಟ್ಟಿದ್ದು, ಪಿಕ್ಟ್‌ಗಳ ನಾಡಿನ ಕೊಲ್ಲಿ ಅಂತ. ಪಿಕ್ಟ್ ಭಾಷೆ ಸತ್ತು ಸಾವಿರ ವರ್ಷ ಆಯ್ತು, ಅವರ ಹೆಸರು ಎದುರಾಳಿಗಳ ಬಾಯಲ್ಲಿ ಹೀಗೆ ಉಳ್ಕೊಂಡಿದೆ.

ಗುಡುಗುಮಳೆ:

ಸೋತೆ, ಒಪ್ಕೊಂಡೆ. ಬೆಕ್ಕಿನ ವಿಷಯಕ್ಕೆ ನನ್ನ ಕಡೆಯಿಂದ ಎರಡು ಲೈಕು. ಒಂದೇ ಪ್ರಶ್ನೆ, ಈ ಕೌಂಟಿ ಈಗಲೂ ಇದೆಯಾ ಅಥವಾ ಬರೀ ಹಳೇ ಮ್ಯಾಪಲ್ಲಾ?

ಹಳೇಬಂದರು:

ಕೌಂಟಿ ಕೌನ್ಸಿಲ್ ಅಂತ ಇದ್ದಿದ್ದು 1975ರ ಮೇನಲ್ಲಿ ಹೋಯ್ತು, ಹೈಲ್ಯಾಂಡ್ ರೀಜನ್‌ಗೆ ಸೇರಿಸಿ ಸದರ್ಲೆಂಡ್ ಒಂದು ಜಿಲ್ಲೆ ಅಂತ ಇಟ್ರು, 1996ರಲ್ಲಿ ಆ ಜಿಲ್ಲೇನೂ ತೆಗೆದು ಎಲ್ಲಾ ಸೇರಿ ಒಂದೇ ಹೈಲ್ಯಾಂಡ್ ಕೌನ್ಸಿಲ್ ಮಾಡಿದ್ರು, ಕಚೇರಿ ಇನ್ವರ್ನೆಸ್‌ನಲ್ಲಿ. ಆದ್ರೆ ರಾಜರ ಪ್ರತಿನಿಧಿಯಾಗಿ ಲಾರ್ಡ್ ಲೆಫ್ಟಿನೆಂಟ್ ಅಂತ ಒಬ್ರನ್ನ ನೇಮಿಸ್ತಾರೆ, ಅದು ಇವತ್ತಿಗೂ ಸದರ್ಲೆಂಡಿಗೆ ಬೇರೆ, ಕೇತ್ನೆಸ್‌ಗೆ ಬೇರೆ. ಪಾರ್ಲಿಮೆಂಟ್ ಕ್ಷೇತ್ರದ ಹೆಸರಲ್ಲೂ ಇದೆ. ಜನ ಅಂತೂ ಇನ್ನೂ ನಾವು ಸದರ್ಲೆಂಡಿನವರು ಅಂತಾನೇ ಹೇಳ್ಕೊಳ್ಳೋದು. ಅಸಿಂಟ್ ಕಡೆ 1993ರಲ್ಲಿ ಅಲ್ಲಿನ ಸಣ್ಣ ಹಿಡುವಳಿದಾರರೇ ಚಂದಾ ಎತ್ತಿ ಉತ್ತರ ಲಾಕಿನ್ವರ್ ಎಸ್ಟೇಟನ್ನ ಖರೀದಿ ಮಾಡಿದ್ರು, ಇಬ್ಬನಿಹಾದಿಯವರು ಹೇಳಿದ ಕಥೆ ಓದಿದ ಮೇಲೆ ಇದನ್ನೂ ಓದಿ, ಸ್ವಲ್ಪ ಸಮಾಧಾನ ಆಗತ್ತೆ.

ನಕ್ಷೆಹುಚ್ಚ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮ್ಯಾಪನ್ನ ನಿಜವಾಗ್ಲೂ ತಲೆಕೆಳಗೆ ತಿರುಗಿಸಿ ನೋಡಿದೆ, ಆರ್ಕ್ನಿ ಕೆಳಗೆ ಬಂತು, ಸದರ್ಲೆಂಡ್ ಅದರ ಮೇಲೆ, ಎಲ್ಲಾ ಸರಿ ಹೋಯ್ತು. ತಿರುಗಿಸಿದಾಗ ಇನ್ನೊಂದು ಕಣ್ಣಿಗೆ ಬಿತ್ತು. ಇಂಗ್ಲೆಂಡ್ ಗಡೀಲಿ ಬೆರಿಕ್‌ಶೈರ್ ಅಂತ ಕೌಂಟಿ ಇದೆ, ಸ್ಕಾಟ್ಲೆಂಡಿನದ್ದು, ಆದ್ರೆ ಬೆರಿಕ್ ಅನ್ನೋ ಊರು ಮಾತ್ರ ಗೆರೆ ದಾಟಿ ಇಂಗ್ಲೆಂಡಲ್ಲಿದೆ. ಊರೇ ಇಲ್ಲದ ಊರಿನ ಹೆಸರಿನ ಕೌಂಟಿ! ಇದೇನು ಕಥೆ?

ಇಬ್ಬನಿಹಾದಿ:

ಆ ಊರು ಎರಡೂ ದೇಶದ ಮಧ್ಯೆ ಹತ್ತು ಹನ್ನೆರಡು ಸಲ ಕೈ ಬದಲಾಯಿಸಿ 1482ರಲ್ಲಿ ಕೊನೆಗೆ ಇಂಗ್ಲೆಂಡಿನ ಪಾಲಾಯ್ತು, ಹೆಸರು ಮಾತ್ರ ಈ ಕಡೆ ಉಳೀತು. ಅದನ್ನ ಇಲ್ಲಿ ಬರೆದ್ರೆ ಥ್ರೆಡ್ ಹಳ್ಳ ಹಿಡಿಯತ್ತೆ, ಬೇರೆ ಥ್ರೆಡ್ ತೆಗೀರಿ, ಬರ್ತೀನಿ.